ಆರ್ಲೀನಳ ಅಲುಗದ ಮೇಜು

ಇದು ನಡೆದದ್ದು. ಎಲ್ಲೋ ಯಾರೋ ಹೇಳಿದ್ದಲ್ಲ. ಅರಿಜೋನಾದ ಮರಳುಗಾಡಿನಲ್ಲಿ, ಹಾಡಹಗಲಲ್ಲಿ, ಹನ್ನೊಂದು ಗಾಲಿಮನೆಗಳ ಜನ ಕಣ್ಣಾರೆ ಕಂಡದ್ದು. ಇದರಲ್ಲಿ ಸಾಸಿವೆಕಾಳಿನಷ್ಟು ಸುಳ್ಳಿದ್ದರೂ ಹೇಳಿದವರ ಗಾಡಿಯ ಅಷ್ಟೂ ಟೈರು ಒಟ್ಟಿಗೇ ಪಂಕ್ಚರ್ ಆಗಲಿ, ಪಂಕ್ಚರ್ ಹಾಕುವವನು ನೂರು ಮೈಲಿ ಆಚೆ ಇರಲಿ, ಅವನೂ ಅವತ್ತು ಮೀನು ಹಿಡಿಯಲು ಹೋಗಿರಲಿ.

ಆರ್ಲೀನಳಿಗೆ ಸಿಟ್ಟು ಬಂದು ಎರಡು ವರ್ಷವಾಗಿತ್ತು. ಬಂದದ್ದು ಇನ್ನೂ ಹೋಗಿರಲಿಲ್ಲ. ಅವಳು ಕೈಯಲ್ಲಿ ಹಿಡಿದರೆ ಆರಿದ ಕಾಫಿ ಮತ್ತೆ ಕುದಿಯುತ್ತಿತ್ತು ಎಂದು ಪಕ್ಕದ ಗಾಡಿಯ ಹಿಲ್ಡಾ ಹೇಳುತ್ತಾಳೆ. ಹಿಲ್ಡಾ ಮೂವತ್ತು ವರ್ಷ ಲಾರಿ ಓಡಿಸಿದ ಹೆಂಗಸು. ಸುಳ್ಳು ಹೇಳಲು ಅವಳಿಗೆ ಪುರುಸೊತ್ತಿಲ್ಲ.

ಸಿಟ್ಟಿಗೆ ಕಾರಣ ಗಂಡ ಡೆಲ್ಬರ್ಟ್. ನೆಬ್ರಾಸ್ಕಾದಲ್ಲಿ ಇವರಿಗೊಂದು ಇಟ್ಟಿಗೆ ಮನೆ ಇತ್ತು. ಆ ಮನೆಯಲ್ಲಿ ಪೂರ್ವಕ್ಕೆ ಕಿಟಕಿ ಇದ್ದ ಒಂದು ಪುಟ್ಟ ಕೋಣೆ, ಅದರಲ್ಲಿ ಆರ್ಲೀನಳ ಮೇಜು. ಇಪ್ಪತ್ತೇಳು ವರ್ಷ ಅದೇ ಮೇಜಿನಲ್ಲಿ ಕೂತು ಕೋರ್ಟಿನಲ್ಲಿ ಆಡಿದ ಮಾತುಗಳನ್ನು ಟೈಪು ಮಾಡಿದ್ದಳು. ಡೆಲ್ಬರ್ಟ್ ನಿವೃತ್ತನಾದ ವಾರವೇ ಮನೆ ಮಾರಿ, ಮೂವತ್ತೆರಡು ಅಡಿ ಉದ್ದದ ಗಾಲಿಮನೆ, ಅಡುಗೆಮನೆ ಬಚ್ಚಲು ಎಲ್ಲ ಒಳಗೇ ಇರುವ ಗಾಡಿ, ತಂದು ನಿಲ್ಲಿಸಿದ.

"ಇನ್ಮೇಲೆ ದೇಶವೆಲ್ಲ ನಮ್ಮ ಅಂಗಳ ಕಣೇ," ಅಂದಿದ್ದ. "ನಿನ್ನ ಮೇಜಿಗೂ ಒಂದು ಮೂಲೆ ಮಾಡಿಕೊಡ್ತೀನಿ. ನನ್ನ ಮಾತು."

ಮೂಲೆ ಬರಲಿಲ್ಲ. ಬಂದದ್ದು ಎರಡು ಒರಗು ಕುರ್ಚಿ. ಮೀಟುಗೋಲು ಎಳೆದರೆ ಬೆನ್ನು ಹಿಂದಕ್ಕೆ ಹೋಗಿ, ಕಾಲಡಿಯ ಮೆತ್ತೆ ಮುಂದಕ್ಕೆ ಬರುವಂಥವು. ಒಂದೊಂದೂ ಮಲಗಿದ ಎಮ್ಮೆಯಷ್ಟು ದಪ್ಪ. ಒಂದು ಡೆಲ್ಬರ್ಟನಿಗೆ. ಇನ್ನೊಂದು ಆರ್ಲೀನಳಿಗೆ ಅಂದುಕೊಂಡಿರೇನು? ಅದು ಗವರ್ನರ್‌ಗೆ. ಗವರ್ನರ್ ಅಂದರೆ ಡೆಲ್ಬರ್ಟನ ನಾಯಿ.

ಆರ್ಲೀನ್ ಎರಡು ವರ್ಷ ಹಾಸಿಗೆಯ ಮೇಲೆ ಕೂತು, ತೊಡೆಯ ಮೇಲೆ ರೊಟ್ಟಿ ಲಟ್ಟಿಸುವ ಹಲಗೆ ಇಟ್ಟುಕೊಂಡು ಕೆಲಸ ಮಾಡಿದಳು. ಬೆನ್ನು ಬಿಲ್ಲಾಯಿತು. ಇದ್ದ ಕೆಲಸ ಕೈತಪ್ಪಿತು. ಆಮೇಲೆ ಅವಳ ಮನಸ್ಸಿಗೆ ಒಪ್ಪುವ ಕೆಲಸವೊಂದು ಕಣ್ಣಿಗೆ ಬಿತ್ತು. ಕಿವಿ ಕೇಳದವರು ಫೋನಿನಲ್ಲಿ ಮಾತಾಡುವಾಗ, ಆ ಕಡೆಯವರು ಅಂದದ್ದನ್ನೆಲ್ಲ ಆಗಿಂದಾಗಲೇ ಟೈಪು ಮಾಡಿ ಪರದೆಯ ಮೇಲೆ ಕಾಣಿಸುವ ಕೆಲಸ. ಪರರ ಗುಟ್ಟಿನ ಮಾತು. ಹಾಗಾಗಿ ಕಂಪನಿಯವರ ಕಟ್ಟುಪಾಡು ಬಿಗಿ. ನೆಲಕ್ಕೆ ಕೂತ ಮೇಜು ಬೇಕು, ಅಲುಗಬಾರದು. ಬೆನ್ನ ಹಿಂದೆ ಬರೀ ಗೋಡೆ ಇರಬೇಕು. ಬೇರೆ ದನಿ ಕೇಳಬಾರದು. ಇದನ್ನೆಲ್ಲ ಅವರು ವಿಡಿಯೋದಲ್ಲಿ ನೋಡಿ ಒಪ್ಪಬೇಕು.

ಮೊದಲ ಸಲ ಆರ್ಲೀನ್ ಬಚ್ಚಲಲ್ಲಿ, ಕಮೋಡಿನ ಮುಚ್ಚಳದ ಮೇಲೆ ಕೂತು ತೋರಿಸಿದ್ದಳು. ನಡುವೆ ಡೆಲ್ಬರ್ಟ್ ಬಾಗಿಲು ಬಡಿದ. "ಇನ್ನೂ ಎಷ್ಟು ಹೊತ್ತೇ? ನಾನೇನು ಮರಳಿಗೆ ಹೋಗಲಾ?" ಆ ಕಡೆಯ ಹೆಂಗಸು ವಿಡಿಯೋ ಮುಚ್ಚಿಬಿಟ್ಟಳು. ಇನ್ನೊಂದೇ ಅವಕಾಶ, ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ, ಆಗಲೂ ಆಗದಿದ್ದರೆ ಮತ್ತೆ ಕೇಳಬೇಡಿ ಎಂದು ಕಾಗದ ಬಂತು.

"ನಾಯಿ ಕುರ್ಚಿ ತೆಗಿ," ಅಂದಳು ಆರ್ಲೀನ್.

"ಅದಕ್ಕೆ ಸೊಂಟನೋವು."

"ನನಗೆ?"

"ನೀನು ಗಟ್ಟಿಗಿತ್ತಿ ಕಣೇ," ಅಂದ ಡೆಲ್ಬರ್ಟ್, ಹೊಗಳಿದವನ ಹಾಗೆ.

ಅಷ್ಟೇ. ಆರ್ಲೀನ್ ಹೊರಗೆ ಬಂದು ಬಾಗಿಲು ಎಳೆದ ರಭಸಕ್ಕೆ ಮೂರನೆಯ ಗಾಡಿಯವರ ಬಾಣಲೆಯಲ್ಲಿದ್ದ ಮೊಟ್ಟೆ ತಾನಾಗಿ ಮಗುಚಿಕೊಂಡಿತು.

"ಹಿಲ್ಡಾ, ನಿನ್ನ ಹತ್ರ ಒಳ್ಳೇ ಹಲಗೆ ಇದೆಯೇನೇ?"

"ಎಷ್ಟು ಒಳ್ಳೇದು?"

"ಆ ಮನುಷ್ಯನ ತಲೆಗಿಂತ ಗಟ್ಟಿ."

ಹಿಲ್ಡಾ ಯೋಚಿಸಿದಳು. "ಅಷ್ಟು ಗಟ್ಟಿ ಸಿಗೋದು ಕಷ್ಟ. ಹತ್ತಿರಹತ್ತಿರದ್ದು ಒಂದಿದೆ."

ಅವಳ ಗಾಡಿಯ ಮೆಟ್ಟಿಲಾಗಿ ಬಿದ್ದಿದ್ದ ಹಲಗೆ ಅದು. ಕೆಡವಿಹಾಕಿದ ಹಳೆಯ ಬೌಲಿಂಗ್ ಆಟದ ಮನೆಯಿಂದ ತಂದದ್ದು. ಐವತ್ತು ವರ್ಷ ಅದರ ಮೇಲೆ ಕಬ್ಬಿಣದಂಥ ಗುಂಡುಗಳು ದಡದಡ ಬಿದ್ದು ಉರುಳಿದ್ದವು. ಒಂದು ಗೀರೂ ಇರಲಿಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲ, ಮುಷ್ಟಿಯಷ್ಟು ದಪ್ಪ.

ಬೆನ್ನ ಹಿಂದೆ ಗೋಡೆ ಬೇಕಲ್ಲ, ಅದಕ್ಕೆ ಹೆಂಗಸರಿಬ್ಬರೂ ಟಿವಿ ಇದ್ದ ಗೋಡೆಯನ್ನೇ ಆರಿಸಿಕೊಂಡರು. ಟಿವಿಯನ್ನು ಇಳಿಸಿ ಮಲಗುವ ಕೋಣೆಗೆ ಹಾಕಿದರು. ಟಿವಿ ಕಪಾಟನ್ನು ತಿರುಪು ಬಿಚ್ಚಿ, ಬಾಗಿಲಲ್ಲಿ ಹಿಡಿಸದೆ, ಕಿಟಕಿಯಿಂದ ಹೊರಗೆ ಇಳಿಸಿದರು. ಆ ಗೋಡೆಗೆ ಬೆನ್ನು ಕೊಟ್ಟು ಆರ್ಲೀನಳ ಕುರ್ಚಿ, ಅದರ ಮುಂದೆ ಮೇಜು, ಮೇಜಿನಾಚೆ ಓಡಾಡಲು ಬರಿ ನೆಲ, ನೆಲದಾಚೆ ಎದುರು ಗೋಡೆಗೆ ಒರಗಿ ಡೆಲ್ಬರ್ಟ್. ಅವನ ಪಕ್ಕದಲ್ಲಿ, ಹೊರಬಾಗಿಲಿಗೆ ನೇರ ಎದುರಿಗೆ, ಗವರ್ನರ್.

ಟಿವಿ ಹೋದದ್ದಕ್ಕೆ ಡೆಲ್ಬರ್ಟ್ ಕೂಗಾಡಬೇಕಿತ್ತು. ಕೂಗಾಡಲಿಲ್ಲ. ಅಳತೆ ಟೇಪಿನ ಒಂದು ತುದಿಯನ್ನು ಕೂತಲ್ಲಿಂದಲೇ ಹಿಡಿದುಕೊಂಡ.

"ಸರಿಯಾಗಿದೆಯಾ ಡೆಲ್?"

"ಬಹಳ ಸರಿಯಾಗಿದೆ," ಅಂದ. "ಭದ್ರವಾಗಿ ಕೂರಿಸ್ರಮ್ಮ. ಕಂಪನಿಯವರು ಕೇಳ್ತಾರೆ."

ಹಿಲ್ಡಾ ಭದ್ರವಾಗಿಯೇ ಕೂರಿಸಿದಳು. ಹಲಗೆಯಡಿ ಎಡಕ್ಕೊಂದು ಡ್ರಾಯರು ಸೇರಿಸಿ, ಕಬ್ಬಿಣದ ಕಾಲು ಜೋಡಿಸಿ, ಆ ಕಾಲುಗಳನ್ನು ನೆಲದಡಿಯ ಉಕ್ಕಿನ ಚೌಕಟ್ಟಿಗೇ ಬೋಲ್ಟು ಹಾಕಿ, ಬೋಲ್ಟಿನ ತಲೆ ಕತ್ತರಿಸಿ, ಮೇಲೆ ಲಾರಿ ಗಾಜಿಗೆ ಹಾಕುವ ಅಂಟು ಸುರಿದಳು. "ಇನ್ನು ಇದನ್ನ ಕೀಳಬೇಕಾದ್ರೆ ಅರಿಜೋನಾನೂ ಜೊತೆಗೇ ಬರುತ್ತೆ," ಅಂದಳು.

ಆರ್ಲೀನ್ ಮೇಜಿನ ಮೇಲೆ ಎರಡೂ ಅಂಗೈ ಊರಿ ಸುಮ್ಮನೆ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಬೆನ್ನು ನೆಟ್ಟಗಾಯಿತು. ಎದುರಿಗೆ ಡೆಲ್ಬರ್ಟ್ ತನ್ನಷ್ಟಕ್ಕೆ ನಗುತ್ತಿದ್ದ. ಸಂತೋಷಕ್ಕೆ ನಗುತ್ತಿದ್ದಾನೆ ಅಂದುಕೊಂಡಳು, ಪಾಪ. ಐದು ದಿನ ಹಾಗೇ ನಕ್ಕ.

ಮಂಗಳವಾರ ಬಂತು. ಅವರು ಅಲ್ಲಿಗೆ ಬಂದು ಹದಿನಾಲ್ಕನೆಯ ದಿನವೂ ಅದೇ. ಆ ಮರಳುಗಾಡು ಸರ್ಕಾರದ್ದು. ಬಾಡಿಗೆ ಇಲ್ಲದೆ ಹದಿನಾಲ್ಕು ದಿನ ಇರಬಹುದು, ಆಮೇಲೆ ರೇಂಜರ್ ಬಂದು ಎಬ್ಬಿಸುತ್ತಾನೆ. ಮಧ್ಯಾಹ್ನದೊಳಗೆ ಹೊರಟರಾಯಿತು ಎಂದು ಆರ್ಲೀನ್ ಲೆಕ್ಕ ಹಾಕಿದ್ದಳು. ಎಂಟೂವರೆಗೆ ತಲೆ ಬಾಚಿ, ನೀಲಿ ಅಂಗಿ ಹಾಕಿ, ಕಿವಿಗೆ ಹಾಕುವ ಮೈಕು ಒರೆಸುತ್ತಿದ್ದಳು.

"ಈಗಲೇ ಗೋಡೆ ಒಳಗೆ ತಗೊಳ್ಳೋಣ," ಅಂದ ಡೆಲ್ಬರ್ಟ್, ಕುರ್ಚಿಯಲ್ಲಿ ಒರಗಿ ಕಾಫಿ ಹೀರುತ್ತಾ. "ಬೇಗ ಹೋದ್ರೆ ಮುಂದಿನ ಊರಲ್ಲಿ ನೆರಳಿನ ಜಾಗ ಸಿಗುತ್ತೆ."

ಗೋಡೆ ಅಂದನಲ್ಲ, ಅದನ್ನಿಷ್ಟು ಕೇಳಿ. ಈ ಗಾಲಿಮನೆಗಳಿಗೆ ಒಂದು ಪಕ್ಕದ ಗೋಡೆ ಮೇಜಿನ ಡ್ರಾಯರಿನ ಹಾಗೆ. ನಿಂತಾಗ ಗುಂಡಿ ಒತ್ತಿದರೆ ಮೂರಡಿ ಹೊರಗೆ ಚಾಚಿ ಕೋಣೆ ದೊಡ್ಡದಾಗುತ್ತದೆ. ಹೊರಡುವಾಗ ಒತ್ತಿದರೆ, ಗೋಡೆ ತನ್ನ ಬುಡದ ನೆಲ, ಅದರ ಮೇಲಿದ್ದ ಕುರ್ಚಿಗಳ ಸಮೇತ ಮೂರಡಿ ಒಳಗೆ ಬರುತ್ತದೆ. ಗುಂಡಿ ಯಾವಾಗಲೂ ಗಂಡಸಿನ ಕೈಯಲ್ಲಿ. ಗೋಡೆ ಮರಕ್ಕೋ ಕಂಬಕ್ಕೋ ತಾಗದಂತೆ ಹೊರಗೆ ನಿಂತು "ಬಾ, ಬಾ, ನಿಲ್ಲು" ಎಂದು ಕೈ ಬೀಸುವುದು ಹೆಂಗಸಿನ ಪಾಲು. ಎರಡು ವರ್ಷದಲ್ಲಿ ಒಂದೇ ಒಂದು ಸಲವೂ ಆರ್ಲೀನ್ ಆ ಗೋಡೆ ಬರುವುದನ್ನು ಒಳಗೆ ನಿಂತು ನೋಡಿರಲಿಲ್ಲ. ಹಿಲ್ಡಾಳ ಹಳೇ ಗಾಡಿಗಂತೂ ಚಾಚುವ ಗೋಡೆಯೇ ಇಲ್ಲ. ಮನೆ ಹಿಗ್ಗಿದ್ದಾಗ ಅಳೆದರು; ಕುಗ್ಗುತ್ತದೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಈಗ ಹೊಳೆಯಿತು. ಆರ್ಲೀನ್ ಗೋಡೆ ನೋಡಿದಳು, ಕುರ್ಚಿ ನೋಡಿದಳು, ಮೇಜು ನೋಡಿದಳು. ಮೇಜಿಗೂ ಡೆಲ್ಬರ್ಟನ ಪಾದಕ್ಕೂ ನಡುವೆ ಒಂದೂವರೆ ಅಡಿ.

"ಡೆಲ್, ಇದು ಹಿಡಿಸಲ್ಲ."

"ಹಿಡಿಸಲ್ಲ," ಅಂದ ಅವನು ಖುಷಿಯಾಗಿ.

"ನಿನಗೆ ಗೊತ್ತಿತ್ತಾ?"

"ಟೇಪು ಹಿಡಿದಾಗಲೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಡಲಿಲ್ಲ?"

"ನೀನು ಕೇಳಿದ್ದು ಸರಿಯಾಗಿದೆಯಾ ಅಂತ. ಸರಿಯಾಗೇ ಇತ್ತು. ಒಳಗೆ ಬರುತ್ತಾ ಅಂತ ಕೇಳಿದ್ಯಾ?" ಕಾಫಿ ಒಂದು ಗುಟುಕು ಎಳೆದ. "ಹೋಗ್ಲಿ ಬಿಡೇ. ಈ ವಯಸ್ಸಲ್ಲಿ ಕೆಲಸ ಯಾಕೆ? ಆ ಹಲಗೆ ಕಿತ್ತುಹಾಕಿ ಟಿವಿ ವಾಪಸ್ ಹಾಕು. ನೆರಳಿಗೆ ಹೋಗೋಣ."

ಆರ್ಲೀನಳ ಸಿಟ್ಟು ಅಲ್ಲಿಯವರೆಗೆ ಬಿಸಿ ಇತ್ತು. ಆ ಕ್ಷಣದಲ್ಲಿ ತಣ್ಣಗಾಯಿತು. ಎಷ್ಟು ತಣ್ಣಗೆ ಅಂದರೆ ಒಳಗಡೆ ಕಿಟಕಿ ಗಾಜಿನ ಮೇಲೆ ಮಂಜು ಕಟ್ಟಿತು, ಹೊರಗೆ ಕಳ್ಳಿಗಿಡಗಳು ಬಿಸಿಲಲ್ಲಿ ಒಣಗುತ್ತಿದ್ದರೂ. ಅವಳು ಮೇಜು ಬಳಸಿ ಬಂದು ಗುಂಡಿಯ ಮುಂದೆ ನಿಂತಳು.

"ಏಳು."

"ಯಾಕೆ?"

"ಗೋಡೆ ಒಳಗೆ ತಗೊಳ್ಳೋಣ ಅಂದ್ಯಲ್ಲ. ತಗೋತೀನಿ. ಏಳು ಡೆಲ್."

"ಎದ್ದೇಳ್ತೀನಾ? ನಿನ್ನ ಮೇಜು ಪುಡಿಪುಡಿಯಾಗೋದನ್ನ ಮುಂದಿನ ಸಾಲಲ್ಲಿ ಕೂತು ನೋಡ್ತೀನಿ. ಒತ್ತೇ, ಒತ್ತು!"

"ಮೂರನೇ ಸಲ ಹೇಳಲ್ಲ. ಏಳ್ತೀಯಾ?"

ಅವನು ಕಾಲಡಿಯ ಮೆತ್ತೆಯನ್ನು ಇನ್ನೂ ಮುಂದಕ್ಕೆ ಚಾಚಿದ.

ಒತ್ತಿದಳು.

ಗೋಡೆ ಗುರ್ ಎಂದು ಹೊರಟಿತು, ಅವಸರವಿಲ್ಲದ ಆಮೆಯಂತೆ. ಡೆಲ್ಬರ್ಟ್ ಮೆರವಣಿಗೆಯ ರಾಜನ ಹಾಗೆ ಕೈ ಬೀಸುತ್ತಾ ಬಂದ. ಕಾಲಡಿಯ ಮೆತ್ತೆ ಮೇಜಿಗೆ ತಾಗಿತು. ಬೌಲಿಂಗ್ ಹಲಗೆ ಮಿಸುಕಲಿಲ್ಲ. ಮೆತ್ತೆ ಮಡಚಿಕೊಂಡಿತು, ಅದರ ಜೊತೆ ಅವನ ಮೊಣಕಾಲೂ ಮಡಚಿಕೊಂಡವು. ಕೈ ಬೀಸುವುದು ನಿಂತಿತು.

"ಆರ್ಲೀನ್. ಸಾಕು."

ಕುರ್ಚಿಯ ಬೆನ್ನು ನೆಟ್ಟಗಾಯಿತು, ಮುಂದಕ್ಕೆ ಬಾಗಿತು. ಮೊಣಕಾಲು ಎದೆಗೆ ಬಂತು, ಗಲ್ಲ ಮೊಣಕಾಲಿಗೆ ಬಂತು. ಆರಡಿ ಆಳು ನೋಡುತ್ತಿದ್ದಂತೆ ಪ್ರಯಾಣದ ಪೆಟ್ಟಿಗೆಯಷ್ಟಾದ. ಅವಳು ಗುಂಡಿಯಿಂದ ಬೆರಳು ತೆಗೆಯುವಷ್ಟರಲ್ಲಿ ಟಪ್ ಎಂದು ಫ್ಯೂಸು ಹಾರಿ ಗೋಡೆ ನಿಂತಿತು. ಗವರ್ನರ್ ತನ್ನ ಕುರ್ಚಿಯಲ್ಲೇ ಕೂತು, ಪಕ್ಕಕ್ಕೆ ವಾಲಿ, ಯಜಮಾನನ ಗಲ್ಲದ ಮೇಲಿನ ಕಾಫಿ ನೆಕ್ಕಿತು.

"ನೋವಾಯ್ತಾ?" ಕೇಳಿದಳು ಆರ್ಲೀನ್.

"ಇಲ್ಲ... ಆದ್ರೆ ಅಲ್ಲಾಡಕ್ಕಾಗ್ತಿಲ್ಲ. ಬೇರೆ ಫ್ಯೂಸ್ ಹಾಕಿ ಹಿಂದಕ್ಕೆ ತಗೊಳ್ಳೇ!"

ಗಡಿಯಾರದಲ್ಲಿ ಒಂಬತ್ತಕ್ಕೆ ಎರಡು ನಿಮಿಷ. ಆರ್ಲೀನ್ ಡ್ರಾಯರಿನಿಂದ ಹೊಸ ಫ್ಯೂಸು ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಇಡೀ ಮನೇಲಿ ಇರೋದು ಇದೊಂದೇ. ನಿನ್ನ ಬಾಯಿಂದ ಒಂದು ಚೂರು ದನಿ ಬಂದ್ರೆ ನುಂಗಿಬಿಡ್ತೀನಿ." ಫ್ಯೂಸನ್ನು ನಾಲಿಗೆಯ ಪಕ್ಕ, ಕೆನ್ನೆಯೊಳಗೆ ಇಟ್ಟುಕೊಂಡಳು. ಮೇಜಿನ ಹಿಂದೆ ಹೋಗಿ ಕೂತು ಮೈಕು ಹಾಕಿದಳು.

ಪರದೆಯ ಮೇಲೆ ಮಿಸ್ ಪ್ರೂಯಿಟ್ ಬಂದಳು. ಹೋದ ಸಲ ವಿಡಿಯೋ ಮುಚ್ಚಿದವಳು ಇವಳೇ.

"ನಿಮ್ಮ ಹಿಂದಿನ ಗೋಡೆ ಚೆನ್ನಾಗಿದೆ. ಎಲ್ಲಿ, ಮೇಜನ್ನ ಎರಡೂ ಕೈಲಿ ಅಲ್ಲಾಡಿಸಿ ತೋರಿಸಿ."

ಆರ್ಲೀನ್ ಎರಡು ವರ್ಷದ ಸಿಟ್ಟನ್ನೆಲ್ಲ ಕೈಗೆ ತಂದು ದೂಡಿದಳು. ಆ ಕಡೆ ಡೆಲ್ಬರ್ಟನ ಕಣ್ಣು ಹೊರಗೆ ಬಂದವು. ಮೇಜು ಅಲುಗಲಿಲ್ಲ.

"ಅಬ್ಬಾ. ಇಂಥದ್ದು ನಾನು ಆಫೀಸಲ್ಲೂ ನೋಡಿಲ್ಲ. ಈಗ ನಾನು ಮಾತಾಡ್ತೀನಿ, ನೀವು ಟೈಪ್ ಮಾಡಿ."

ಹತ್ತು ನಿಮಿಷ ಮಿಸ್ ಪ್ರೂಯಿಟ್ ಮಳೆ ಹೊಡೆದಂತೆ ಮಾತಾಡಿದಳು. ಆರ್ಲೀನಳ ಬೆರಳು ಎಷ್ಟು ಜೋರು ಓಡಿದವೆಂದರೆ ಎರಡು ಸಲ ಮಿಸ್ ಪ್ರೂಯಿಟ್ ಹೇಳುವ ಮೊದಲೇ ಮಾತು ಪರದೆಯ ಮೇಲಿತ್ತು.

"ಕೊನೇ ಪ್ರಶ್ನೆ. ಕೋಣೆಯಲ್ಲಿ ಬೇರೆ ಯಾರಾದ್ರೂ ಇದ್ದಾರಾ?"

ಡೆಲ್ಬರ್ಟ್ ಉಸಿರು ಹಿಡಿದ. ಆರ್ಲೀನ್ ಇಪ್ಪತ್ತೇಳು ವರ್ಷ ಕೋರ್ಟಿಗೆ ಕೆಲಸ ಮಾಡಿದವಳು; ಪ್ರಮಾಣ ಅಂದರೆ ಪ್ರಮಾಣ. ಅವನನ್ನೇ ದಿಟ್ಟಿಸಿ ನೋಡಿದಳು. ಮಡಚಿ ಮೂಲೆಗಿಟ್ಟ ಸಾಮಾನಿನ ಹಾಗೆ ಕಂಡ.

"ಹಳೇದೊಂದು ಸಾಮಾನು ಇದೆ ಮೇಡಂ," ಅಂದಳು. "ಸದ್ದು ಮಾಡಲ್ಲ. ಇವತ್ತೇ ಜಾಗ ಬದಲಾಯಿಸ್ತೀನಿ."

"ಒಳ್ಳೇದು. ಗುರುವಾರದಿಂದ ಕೆಲಸಕ್ಕೆ ಕೂತ್ಕೊಳ್ಳಿ."

ಪರದೆ ಆರಿತು. ಡೆಲ್ಬರ್ಟ್ ಉಸಿರು ಬಿಟ್ಟ. "ಫ್ಯೂಸು!"

"ಮೊದಲು ಕುರ್ಚಿ," ಅಂದಳು ಆರ್ಲೀನ್, ಕೆನ್ನೆಯೊಳಗಿನ ಫ್ಯೂಸನ್ನು ಆ ಪಕ್ಕಕ್ಕೆ ಸರಿಸಿ. "ಕುರ್ಚಿ ಹೊರಗೆ ಹೋಗಲಿ, ಆಮೇಲೆ ಗೋಡೆ ಮಾತು. ಹಿಲ್ಡಾ! ಗರಗಸ ತಾರೇ!"

"ನನ್ನ ಕುರ್ಚಿ ಬೇಡ್ವೇ! ನಾಯೀದು ತಗೋ!"

"ಅದಕ್ಕೆ ಸೊಂಟನೋವು."

ಹಿಲ್ಡಾ ನಾಯಿಯ ಕಡೆಯಿಂದ ತೂರಿ ಬಂದು ಕುರ್ಚಿಯನ್ನು ಅವನು ಕೂತಿದ್ದಂತೆಯೇ ಬಿಚ್ಚಿದಳು. ಒಂದು ತೋಳು ಹೋಯಿತು, ಇನ್ನೊಂದು ತೋಳು ಹೋಯಿತು, ಬೆನ್ನು ಹೋಯಿತು. ಹನ್ನೊಂದು ಗಾಡಿಯ ಜನ ಬಾಗಿಲಲ್ಲಿ ನಿಂತು ತುಂಡುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಡೆಲ್ಬರ್ಟ್ ನೆಲಕ್ಕೆ ಜಾರಿ, ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡು ಮೊದಲಿನ ಉದ್ದಕ್ಕೆ ಬಂದ. ಪೂರ್ತಿ ಬರಲಿಲ್ಲ; ಒಂದು ಇಂಚು ಈಗಲೂ ಕಡಿಮೆ.

ಆರ್ಲೀನ್ ಫ್ಯೂಸು ಒರೆಸಿ ಹಾಕಿದಳು. ಗುಂಡಿ ಒತ್ತಿದಳು. ಗೋಡೆ ಪೂರ್ತಿ ಒಳಗೆ ಬಂದು, ಮೇಜಿಗೆ ಎರಡಡಿ ದೂರದಲ್ಲಿ ತೆಪ್ಪಗೆ ನಿಂತಿತು. ಹಿಡಿಸದೆ ಇದ್ದದ್ದು ಮೇಜಲ್ಲ, ಕುರ್ಚಿ ಎಂಬುದು ಡೆಲ್ಬರ್ಟನಿಗೂ ಕಂಡಿತು.

ಈಗ ಆರ್ಲೀನ್ ದಿನಾ ಎಂಟು ಗಂಟೆ ಅಲ್ಲಿ ನೆಟ್ಟಗೆ ಕೂತು ಕಿವಿ ಕೇಳದವರಿಗೆ ಮಾತು ಬರೆಯುತ್ತಾಳೆ. ಆ ಎಂಟು ಗಂಟೆ ಡೆಲ್ಬರ್ಟ್ ಹೊರಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಇರುತ್ತಾನೆ. ಹೊರಡುವ ದಿನ ಗುಂಡಿ ಅವಳದು. "ಬಾ, ಬಾ, ನಿಲ್ಲು" ಅನ್ನುವುದು ಅವನದು. ಸಂಜೆ ಹೊತ್ತು ಗವರ್ನರ್‌ಗೆ ಮನಸ್ಸು ಬಂದರೆ ಅವನಿಗೆ ಅರ್ಧ ಗಂಟೆ ಕುರ್ಚಿ ಬಿಟ್ಟುಕೊಡುತ್ತದೆ.

ಅವಳ ಸಿಟ್ಟು ಇಳಿಯಿತೇ ಅಂದರೆ, ಇಲ್ಲ. ಅವನು ಟಿವಿಗಾಗಿ ಜಗಳವಾಡಿದ್ದರೆ ಮರೆಯುತ್ತಿದ್ದಳೋ ಏನೋ. ಟೇಪು ಹಿಡಿದುಕೊಂಡು ಐದು ದಿನ ನಕ್ಕದ್ದನ್ನು ಮಾತ್ರ ಮರೆಯುವುದಿಲ್ಲ. ಆದರೆ ಈಗ ಆ ಸಿಟ್ಟಿಗೂ ಒಂದು ಜಾಗವಿದೆ, ಮೇಜಿನ ಎಡಗಡೆ ಡ್ರಾಯರಿನಲ್ಲಿ, ಸುಟ್ಟ ಫ್ಯೂಸಿನ ಪಕ್ಕದಲ್ಲಿ.

ನಂಬಿಕೆ ಇಲ್ಲದವರು ಹೋಗಿ ಅವನ ಎತ್ತರ ಅಳೆದು ನೋಡಿ. ಅದಕ್ಕೆ ಮೊದಲು ಒಂದು ಮಾತು. ಕಥೆ ಶುರುವಾದಾಗಿನಿಂದ ಹೇಳುವವರು ನಿಂತೇ ಇದ್ದೀವಿ, ನೀವು ಕಾಲು ಚಾಚಿ ಒರಗಿದ್ದೀರಿ. ಏಳಿ, ಆ ಕುರ್ಚಿ ಈ ಕಡೆ ತಳ್ಳಿ. ಕಾಫಿ ಕಪ್ಪು ಅಲ್ಲೇ ಇರಲಿ.