ಸಂಗಮ್ಮ ಆಡದ ಮಾತು

ಸಂಗಮ್ಮನಿಗೆ ತನ್ನ ಸಹಿಯೆಂದರೆ ಭಾರಿ ಅಭಿಮಾನ. ಓದಲು ಬಾರದು. ಆದರೆ ಓಣಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತುವಾಗ ಆಕೆ ಮಾತ್ರ ಬಸವಕಲ್ಯಾಣದ ಸಂತೆಯಿಂದ ತಂದ ನೀಲಿ ಪೆನ್ನು ತೆಗೆದು ಮೂರಕ್ಷರ ದುಂಡಗೆ ಬರೆಯುವಳು. ಗ್ರಾಮಸಭೆಯ ಮುನ್ನಾದಿನ ಪಂಚಾಯತಿ ಸಿಪಾಯಿ ದಿಲೀಪ ಠರಾವು ಪುಸ್ತಕ ಹಿಡಿದು, ಖಾಲಿ ಹಾಳೆಗೆ ಸಹಿ ಪಡೆಯಲು ಹೊಸ್ತಿಲಿಗೇ ಬರುತ್ತಿದ್ದ. ಹೆಣ್ಣುಮಕ್ಕಳು ಚಾವಡಿಗೆ ಬಂದು ಯಾಕೆ ದಣಿಯಬೇಕು ಎಂಬುದು ಊರಿನ ಮರ್ಯಾದೆ. ಆ ಮರ್ಯಾದೆಗೆ ಹನ್ನೊಂದು ವರ್ಷವಾಗಿತ್ತು.

ಈ ಸಲ ಪಂಚಾಯತಿಗೆ ಆರಿಸಿ ಬಂದವಳು ತುಳಜಾರಾಮನ ಮಗಳು ಮನೀಷಾ. ಇಪ್ಪತ್ತಮೂರರ ಹುಡುಗಿ, ಹುಮನಾಬಾದಿನಲ್ಲಿ ಬಿ.ಎ. ಮುಗಿಸಿದವಳು, ಸುಮ್ಮನೆ ಕೂರುವ ಪೈಕಿಯಲ್ಲ. ಹಳೆಯ ಠರಾವುಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಒಂದು ಮಧ್ಯಾಹ್ನ ಬಂದಳು. ಸಂಗಮ್ಮ ಜೋಳ ಹಸನು ಮಾಡುತ್ತಿದ್ದಳು.

“ಕಾಕಿ, ನೀವು ಸಭಾದಾಗ ಇಷ್ಟ್ ಮಾತಾಡ್ತೀರಿ ಅಂತ ನನಗ ಗೊತ್ತೇ ಇರಲಿಲ್ರಿ.”

“ನಾನಾ? ನಾ ಚಾವಡಿ ಮೆಟ್ಟಲಾ ಹತ್ತಿಲ್ಲವ್ವ! ಏನಂದೀನಂತ?”

ಮನೀಷಾ ಓದಿದಳು: ‘ಶ್ರೀಮತಿ ಸಂಗಮ್ಮ ಎದ್ದು ನಿಂತು, ಶಾಲೆಗೆ ಕಾಂಪೌಂಡ್ ಬೇಕೆಂದರು.’

“ಬೇಷ್ ಅಂದೀನಿ. ಮುಂದ?”

‘ಶ್ರೀಮತಿ ಸಂಗಮ್ಮ ಎದ್ದು ನಿಂತು, ಅಧ್ಯಕ್ಷರನ್ನು ಕೊಂಡಾಡಿದರು.’

“ಅಂವನ್ನ? ನನಗೇನ್ ಹುಚ್ಚ ಹಿಡದಿತ್ತು?” ಸಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ತನ್ನದೇ ಮಾತನ್ನು ಪಕ್ಕದ ಮನೆಯ ಸುದ್ದಿಯಂತೆ ಕೇಳುವ ಕುತೂಹಲ ಹೆಚ್ಚಾಯಿತು. “ಓದು, ಓದು. ಇನ್ನೇನೇನ್ ಅಂದೀನಿ?”

ಮನೀಷಾ ಆರು ವರ್ಷದ ಹಿಂದಿನ ಠರಾವು ತೆಗೆದು ಓದಿದಳು: ‘ಶ್ರೀಮತಿ ಸಂಗಮ್ಮ ಎದ್ದು ನಿಂತು, ಕೆಳಗಿನ ಓಣಿಗೆ ನೀರಿನ ತೊಂದರೆ ಇಲ್ಲ, ಬೋರನ್ನು ಮೇಲಿನ ಓಣಿಗೆ ಕೊಡಬಹುದು ಎಂದರು.’

ಮೊರ ಕೈಯಲ್ಲೇ ನಿಂತಿತು. ಆರು ವರ್ಷದಿಂದ ಆಕೆ ಆ ಮೇಲಿನ ಓಣಿಯಿಂದಲೇ ಕೊಡ ಹೊತ್ತು ಮೊಳಕಾಲು ಸವೆಸಿದ್ದಳು. ಅಧ್ಯಕ್ಷನಿಗೆ ಬೈದಿದ್ದಳು, ಹಣೆಬರಹಕ್ಕೆ ಬೈದಿದ್ದಳು. ನೋಡಿದರೆ ಕಾಲ ಮೇಲೆ ಕಲ್ಲು ಎಳೆದುಕೊಂಡವಳು ತಾನೇ! ಫೋಟೊದ ಕೆಳಗೆ ಅವೇ ಮೂರಕ್ಷರ, ದುಂಡಗೆ. ನಾಚಿಕೆಯಾಯಿತು, ಬೆನ್ನಿಗೇ ಸಿಟ್ಟೂ ಬಂತು.

“ಗುರುವಾರ ಹೊಸ ಬೋರಿನ ಸಭಾ ಅದರೀ ಕಾಕಿ,” ಎಂದಳು ಮನೀಷಾ. “ಈ ಸಲ ಏನಂತೀರಿ?”

ಬುಧವಾರ ದಿಲೀಪ ಪುಸ್ತಕ ತಂದ. ಸಂಗಮ್ಮ ಇಸಿದುಕೊಂಡಳು, ಮರಳಿ ಕೊಡಲಿಲ್ಲ. ಅವನು ಎಷ್ಟು ಅಂಗಲಾಚಿದರೂ ಕೊಡಲಿಲ್ಲ.

ಗುರುವಾರ ಚಾವಡಿಯಲ್ಲಿ ಎಲ್ಲರೂ ಇದ್ದರು, ಪುಸ್ತಕ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಅದನ್ನು ಕಂಕುಳಲ್ಲಿಟ್ಟು ಸಂಗಮ್ಮ ಮೆಟ್ಟಿಲು ಹತ್ತಿದಳು. ಹಿಂದೆ ಕೆಳಗಿನ ಓಣಿಯ ಹೆಂಗಸರೆಲ್ಲ ಇದ್ದರು.

“ಕೊಡ್ರಿ ಸಂಗಮ್ಮ, ಕೊಟ್ಟು ಮನೀಗಿ ಹೋಗ್ರಿ,” ಎಂದರು ಕಾರ್ಯದರ್ಶಿ ಶಂಕರಲಿಂಗ.

ಆಕೆ ಮುಂದಿನ ಸಾಲಿನ ಕುರ್ಚಿ ಎಳೆದು ಕೂತಳು. “ಮೊದಲ ನಾ ಹೇಳ್ತೀನ್ರಿ, ನೀವು ಬರೀರಿ, ಮನೀಷಾ ಓದತಾಳ. ಆಮ್ಯಾಲ ಸಹಿ. ಕೆಳಗಿನ ಓಣಿಗಿ ನೀರಿಲ್ಲ. ಬೋರ್ ನಮಗ ಬೇಕು.”

ಮೇಲಿನ ಓಣಿಯವರು ಗೊಣಗಿದರು. ಕೈ ಎತ್ತಿಸಿದಾಗ ಬಳೆಯ ಕೈಗಳೇ ಹೆಚ್ಚಾದವು. ಶಂಕರಲಿಂಗ ಬರೆದರು, ಮನೀಷಾ ಓದಿದಳು: ‘ಶ್ರೀಮತಿ ಸಂಗಮ್ಮ ಎದ್ದು ನಿಂತು, ಹೊಸ ಬೋರ್ ಕೆಳಗಿನ ಓಣಿಗೆ ಬೇಕೆಂದರು. ಸಭೆ ಒಪ್ಪಿತು.’

ಸಂಗಮ್ಮ ನೀಲಿ ಪೆನ್ನು ತೆಗೆದವಳು ಹಾಗೇ ತಡೆದಳು.

“ತಪ್ಪದರೀ. ನಾ ಎದ್ದು ನಿಂತಿಲ್ಲ. ಕುರ್ಚಿ ಮ್ಯಾಲ ಕುಂತು ಹೇಳೀನಿ. ಹಂಗ ಬರೀರಿ.”