ಅಜ್ಜ ಯಾವ ಅಂತಸ್ತಿನಲ್ಲಿ?

ಆ ಸೋಮವಾರ ಕಾವೇರಿ ನಸುಕಿಗೇ ಎದ್ದು ತನ್ನ ರಟ್ಟಿನ ಮಾದರಿಗೆ ಕೊನೆಯ ಅಂಟು ಹಚ್ಚಿದಳು. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿ ಎಂಟು ತಿಂಗಳಾಗಿತ್ತು. ಈವರೆಗೆ ಬಂದ ಕೆಲಸವೆಂದರೆ ಎರಡು ಕಂಪೌಂಡು ಗೋಡೆ, ಒಂದು ದನದ ಕೊಟ್ಟಿಗೆ. ಈಗ ನೋಡಿದರೆ, ಅವಳು ಹುಟ್ಟಿ ಬೆಳೆದ ಬೈರಿದೇವರಕೊಪ್ಪದ ಭಜನಾ ಮಂಡಳಿಯವರೇ ಕರೆದು, ತಗಡಿನ ಶೆಡ್ಡು ಕೆಡವಿ ನಾಲ್ಕಂತಸ್ತಿನ ಮಠ ಕಟ್ಟುವ ನಕ್ಷೆಯ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು! ಕೆಳಗೆ ರಸ್ತೆಗೆ ಮುಖ ಮಾಡಿದ ಅಂಗಡಿಗಳು, ಅದರ ಮೇಲೆ ದಾಸೋಹದ ಹಾಲ್, ಅದರ ಮೇಲೆ ಹಳ್ಳಿಗಳಿಂದ ಓದಲು ಬರುವ ಹುಡುಗಿಯರಿಗೆ ಹಾಸ್ಟೆಲ್. ಇವೆಲ್ಲದರ ನೆತ್ತಿಯ ಮೇಲೆ ಭಜನೆಯ ಹಾಲ್.

ನೆತ್ತಿಗೇ ಏಕೆಂದರೆ, ಭಜನೆ ನಡೆಯುವುದು ಮಂಡಳಿ ಹುಟ್ಟುಹಾಕಿದ, ಊರವರೆಲ್ಲ ಅಜ್ಜ ಎನ್ನುವ ಸ್ವಾಮಿಗಳ ಪಾದುಕೆಯ ಮುಂದೆ. ಅಜ್ಜನ ಪಾದುಕೆಯ ಮೇಲ್ಗಡೆ ಬೇರೆಯವರ ಪಾದ ಓಡಾಡಕೂಡದು. ಮಂಡಳಿಯ ಷರತ್ತು ಇದೊಂದೇ, ಆದರೆ ಕಲ್ಲಿನಂಥದ್ದು.

ಸಂಜೆ ಶೆಡ್ಡಿನಲ್ಲಿ ಭಜನೆ ಮುಗಿದು, ಎಲ್ಲರ ಕೈಗೂ ಸಕ್ಕರೆ ಬೆರೆಸಿದ ಹುರಿಗಡಲೆಯ, ಅಂದರೆ ಪುಠಾಣಿಯ, ಪ್ರಸಾದ ಬಂದ ಮೇಲೆ, ಕಾವೇರಿ ತನ್ನ ರಟ್ಟಿನ ಮಾದರಿಯ ಮೇಲಿನ ಬಟ್ಟೆ ಸರಿಸಿದಳು. ಹಿರಿಯರೆಲ್ಲ ಮುಗಿಬಿದ್ದರು.

"ಅಬ್ಬಬ್ಬಾ! ಹುಬ್ಬಳ್ಳ್ಯಾಗ ಇಂಥಾದ್ದೊಂದು ಇಲ್ಲ ನೋಡ್ರಿ," ಎಂದರು ಮಂಡಳಿಯ ಅಧ್ಯಕ್ಷ ಅರ್ಜುನಪ್ಪ. "ತಂಗೀ, ಇದ ಪಾಸಾತು ಅಂತ ತಿಳಕೋ."

ಚಪ್ಪಾಳೆ ಬಿತ್ತು. ಕಾವೇರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳು ನೇರ ರೇಣವ್ವನ ಕಡೆ ನೋಡಿದಳು. ನಲವತ್ತು ವರ್ಷದಿಂದ ಪ್ರತಿ ಸೋಮವಾರ ಮೊದಲ ಪದ ಎತ್ತುವವಳು ರೇಣವ್ವ. ಚಿಕ್ಕ ಕಾವೇರಿಯನ್ನು ಮಗ್ಗುಲಲ್ಲಿ ಕೂಡಿಸಿಕೊಂಡು, ತಾಳ ತಪ್ಪಿದಾಗಲೆಲ್ಲ ತೊಡೆ ಚಿವುಟಿದವಳು. ಅವಳು ಮಾದರಿಯ ಮೆಟ್ಟಿಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದಳು.

"ಭಾಳ ಛಂದ ಮಾಡೀ ನನ್ನವ್ವಾ," ಎಂದಳು. "ಇಷ್ಟು ಮೆಟ್ಟಲಾ ನನ್ನ ಮೊಣಕಾಲಿಗೆ ಆಗೂದಿಲ್ಲ, ನಾ ಕೆಳಗ ಅಂಗಡಿ ಮುಂದಿನ ಕಟ್ಟೀ ಮ್ಯಾಲೆ ಕುಂತು ಕೇಳತೇನಿ ತಗೋ."

"ಲಿಫ್ಟ್ ಐತಿ ಆಯಿ!"

"ಎಷ್ಟು ಮಂದಿ ಹಿಡಿಸ್ತಾರವ್ವ ಅದರಾಗ?"

"ಆರು ಮಂದಿ."

"ಸೋಮವಾರಕ್ಕ ಬರೋರು ಅರವತ್ತು ಮಂದಿ. ಅದರಾಗ ಕರೆಂಟ್ ಹೋತಂದ್ರ ಮುಗೀತು." ರೇಣವ್ವ ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ನಕ್ಕಳು.

ಪಾಸಾದ ನಕ್ಷೆ. ಬಾಯಿ ಮುಚ್ಚಿಕೊಂಡು ಮಾದರಿ ಕಟ್ಟಿಕೊಂಡು ಹೋಗಿದ್ದರೆ ಅವಳಿಗೆ ಮಾಲೆ ಬೀಳುತ್ತಿತ್ತು. ಆದರೆ ರೇಣವ್ವ ಇಲ್ಲದ ಭಜನೆಗೆ ಎಂಥ ಹಾಲ್, ಎಂಥ ಮಠ! ಕೆಳಗಿಟ್ಟರೆ ಅಜ್ಜನ ತಲೆಯ ಮೇಲೆ ಜನ ಓಡಾಡುತ್ತಾರೆ, ಮೇಲಿಟ್ಟರೆ ರೇಣವ್ವ ಬೀದಿಯಲ್ಲಿ ಉಳಿಯುತ್ತಾಳೆ.

ಆಗ ನೆನಪಾದದ್ದು ರೇಣವ್ವನ ಹಳೆಯ ಮಣ್ಣಿನ ಮನೆ. ಅದರ ಮಾಳಿಗೆಯಲ್ಲೊಂದು ಬೆಳಕಿಂಡಿ. ನಡುಮನೆಯಲ್ಲಿ ಬೀಳುತ್ತಿದ್ದ ಚೌಕ ಬಿಸಿಲಿನಲ್ಲೇ ಕಾವೇರಿ ಅಕ್ಷರ ತಿದ್ದಿದ್ದು. ಮಾಳಿಗೆ ಹತ್ತಿದ ಮಕ್ಕಳಿಗೆ ರೇಣವ್ವ ಕೆಳಗಿನಿಂದಲೇ ಒದರುತ್ತಿದ್ದಳು: "ಬೆಳಕಿಂಡಿ ತುಳೀಬ್ಯಾಡ್ರಿ, ಸುತ್ತ ಹಾದು ಹೋಗ್ರಿ!"

ಕಾವೇರಿ ಚೀಲದಿಂದ ಕಟರ್ ತೆಗೆದಳು.

"ಏ, ಏನು ಮಾಡಾಕತ್ತೀ?" ಅರ್ಜುನಪ್ಪ ಕೂಗಿದರು.

"ಅಜ್ಜನ್ನ ಕೆಳಗ ಕರಕೊಂಡು ಬರಾಕತ್ತೇನಿ, ಕಾಕಾರ!"

ಚರಕ್ಕನೆ ಮೇಲಿನ ಚಾವಣಿ ಕತ್ತರಿಸಿದಳು. ಆಮೇಲೆ ಭಜನೆಯ ಹಾಲಿನ ನೆಲ, ಹಾಸ್ಟೆಲ್ಲಿನ ನೆಲ, ದಾಸೋಹದ ನೆಲ. ಒಂದರ ಕೆಳಗೊಂದು ಅಷ್ಟೇ ದೊಡ್ಡ ಚೌಕ. ತೂಗುಬಲ್ಬಿನ ಬೆಳಕು ನೆಟ್ಟಗೆ ಬಂದು ನೆಲಕ್ಕೆ ಬಿತ್ತು. ಮೇಲಿನ ಹಾಲಿನಲ್ಲಿದ್ದ ಕಾಗದದ ಪಾದುಕೆಯನ್ನು ಅವಳು ತೆಗೆದು ಅಲ್ಲಿಟ್ಟಳು.

"ಅಂಗಡಿ ಮುಂದ ಇರ್ತಾವ, ಅವುಗಳ ಹಿಂದ ಅಜ್ಜ. ಅಜ್ಜನ ಮ್ಯಾಲೆ ಆಕಾಶ ಬಿಟ್ಟರ ಏನೂ ಇಲ್ಲ. ಹುಡುಗ್ಯಾರು ಸುತ್ತಲಿನ ಕಟಾಂಜನದ ಕಂಬಿ ಹಿಡಕೊಂಡು ನಿಂತು ಭಜನಿ ಕೇಳ್ತಾರ. ಭಜನಿಗೆ ಕುಂತವರ ಮ್ಯಾಲೂ ಬೆಳಕ."

"ಮಳಿ ಬಂದರ?" ಪೂಜೆಯ ಶಾಂತಯ್ಯ ಕೇಳಿದರು.

"ಗಾಜು ಮುಚ್ಚೂಣ್ರಿ. ಗಾಜಿನ ಮ್ಯಾಲೆ ಯಾರು ಓಡಾಡ್ತಾರ?"

"ಹಾಸ್ಟೆಲ್ಲಿನ ಆರು ಖೋಲಿ ಹೋದವಲ್ಲ!" ಅರ್ಜುನಪ್ಪನವರ ಮುಖ ಗಂಟಾಯಿತು. "ಮ್ಯಾಲಿನ ಹಾಲ್ ಖಾಲಿ ಬಿಡೂದೇನು?"

"ಆ ಆರು ಖೋಲಿ ಅಲ್ಲೇ ಕಟ್ಟೂಣ್ರಿ. ಹುಡುಗ್ಯಾರ ಕಾಲು ಗಟ್ಟಿ ಅದಾವ, ಹತ್ತತಾರ."

ರೇಣವ್ವ ಅಂಗೈಯ ಪ್ರಸಾದದಿಂದ ಒಂದು ಪುಠಾಣಿ ಆರಿಸಿ, ಮಾದರಿಯೊಳಗೆ ಪಾದುಕೆಯ ಎದುರಿಗಿಟ್ಟಳು.

"ನಾ ಇಲ್ಲೆ ಕೂಡತೇನಿ," ಎಂದಳು.

ಅರ್ಜುನಪ್ಪ ಬಗ್ಗಿ ಆ ಪುಠಾಣಿಯನ್ನು ನೋಡಿದರು. ಆಮೇಲೆ ತಮ್ಮ ಅಂಗೈಯಿಂದ ಒಂದು ತೆಗೆದು ಅದರ ಪಕ್ಕ ಇಟ್ಟರು. "ಖರೇ ಹೇಳತೇನಿ, ನನ್ನ ಮೊಣಕಾಲೂ ಹೋಗ್ಯಾವ. ಅಧ್ಯಕ್ಷ ಆಗಿ ಹೆಂಗ ಹೇಳಲಿ ಅಂತ ಸುಮ್ಮನಿದ್ದೆ."

"ಒಂದು ನಂದು, ಒಂದು ನನ್ನ ಹೇಣ್ತೀದು," ಎನ್ನುತ್ತ ಶಾಂತಯ್ಯ ಎರಡು ಇಟ್ಟರು. ನೋಡನೋಡುತ್ತ ಪುಠಾಣಿಗಳ ಸಾಲೇ ಕೂತಿತು. ಆಗ ತಿಳಿಯಿತು ಕಾವೇರಿಗೆ: ಈ ದೊಡ್ಡ ಮನುಷ್ಯರು ಅಷ್ಟು ಜೋರಾಗಿ ಚಪ್ಪಾಳೆ ಹೊಡೆದದ್ದು ತಾವು ಎಂದೂ ಹತ್ತಲಾಗದ ಹಾಲಿಗೆ! ಅವಳಿಗೆ ನಗೆಯೂ ಬಂತು, ಕಣ್ಣೂ ತುಂಬಿದವು.

ತನ್ನ ಪಾಲಿನ ಒಂದು ಪುಠಾಣಿಯನ್ನು ಅವಳು ಮೇಲೆ, ಹಾಸ್ಟೆಲ್ಲಿನ ಕಟಾಂಜನದ ಹತ್ತಿರ ಇಟ್ಟಳು. ಕಟ್ಟಿದವಳು ಮೇಲಿನಿಂದ ನೋಡಿದರಾಯಿತು ಎಂದುಕೊಂಡಳು.

ರೇಣವ್ವ ಬೆರಳು ಹಾಕಿ ಅದನ್ನು ಎತ್ತಿ, ಕೆಳಗೆ ತನ್ನ ಪುಠಾಣಿಗೆ ತಾಗಿಸಿ ಇಟ್ಟಳು.

"ನೀ ಅಲ್ಲ್ಯಾಕ? ನನ್ನ ಮಗ್ಗಲದಾಗ ತಾಳ ಬಾರಿಸೋರು ಯಾರು?"