ತತ್ಸಮಾನ

"ಮಾಡೆಲ್ ನಂಬರ್ ಅದೇ ಇದೆಯಲ್ಲ ಮೇಡಂ, ಇನ್ನೇನು ಬೇಕು ನಿಮಗೆ?" ಸರ್ವಿಸ್ ಸೆಂಟರಿನ ಕೌಂಟರಿನವನು ಮಾನಿಟರನ್ನು ಬೋರಲು ಮಲಗಿಸಿ, ಬೆನ್ನಿನ ಚೀಟಿಯ ಮೇಲೆ ಬೆರಳಿಟ್ಟ.

"ಹೊರಗಿನ ಚಿಪ್ಪು ಅದೇ. ಒಳಗಿನ ಪರದೆ ಬೇರೆ. ಎಲ್ಲ ನೀಲಿ ಹೊಡೆಯುತ್ತೆ. ಇದನ್ನ ನೋಡಿ."

ಅವಳು ಚೀಲದಿಂದ ಮುದ್ರಿತ ಹಾಳೆಯೊಂದನ್ನು ತೆಗೆದು ಬಿಡಿಸಿದಳು. ಅರಮನೆಯ ಕಿಟಕಿ, ಕಿಟಕಿಯಲ್ಲಿ ರಾಜಕುಮಾರಿ, ಅವಳ ಮುಂಗೈ ಮೇಲೆ ಗಿಳಿ. ರಾಜಕುಮಾರಿಯ ಕೆನ್ನೆ ಅರಿಶಿನ ಮೆತ್ತಿದಂತಿತ್ತು. ಗಿಳಿ ಉದುರಲಿರುವ ಎಲೆಯ ಬಣ್ಣಕ್ಕೆ ತಿರುಗಿತ್ತು.

ಇಷ್ಟು ವರ್ಷ ಬೇರೆಯವರ ಪುಸ್ತಕಗಳಿಗೆ ಬಣ್ಣ ತುಂಬಿದವಳಿಗೆ ಇದು ಸ್ವಂತದ್ದು. ಅಜ್ಜಿ ಹೇಳಿದ ಕಥೆ, ಮೂವತ್ತೆರಡು ಪುಟ, ಮುಖಪುಟದ ಮೇಲೆ ತನ್ನ ಹೆಸರು. ಹಳೆಯ ಮಾನಿಟರಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆಯೊಂದು ಮೂಡಿದಾಗ, ವಾರಂಟಿ ಇನ್ನೂ ಇದೆಯಲ್ಲ ಎಂದು ಕೊಟ್ಟು ಬಂದಿದ್ದಳು. ಬದಲಿ ಬಂದ ದಿನ ಚಿತ್ರಗಳೆಲ್ಲ ಯಾಕೋ ಚಳಿ ಹಿಡಿದಂತೆ ನೀಲಿಗಟ್ಟಿ ಕಂಡವು. ತಾನೇ ಎಡವಿದ್ದೇನೆ ಅಂದುಕೊಂಡು, ಎರಡು ದಿನ ಕೂತು ಪುಟಪುಟಕ್ಕೂ ಹಳದಿ ಬಿಸಿಲು ಬೆರೆಸಿ, ಹಳೆಯ ಫೈಲುಗಳ ಮೇಲೆಯೇ ಉಳಿಸಿ ಪ್ರೆಸ್ಸಿಗೆ ಕಳಿಸಿದ್ದಳು. ಸರಿಯಿದ್ದದ್ದನ್ನು ಕೈಯಾರೆ ಕೆಡಿಸಿದ್ದು ಗೊತ್ತಾದದ್ದು ಈ ಬೆಳಿಗ್ಗೆ, ಪ್ರೆಸ್ಸಿನ ಯಜಮಾನರು ಕರೆಸಿ ಈ ಹಾಳೆ ಕೈಗಿತ್ತಾಗ.

"ಏನಮ್ಮಾ ಬಣ್ಣದಮ್ಮ, ನಿನ್ನ ರಾಜಕುಮಾರಿಗೆ ಕಾಮಾಲೆ ಹಿಡಿದಿದೆಯಲ್ಲ! ಸಂಜೆ ಐದಕ್ಕೆ ಸರಿಮಾಡಿ ಕಳಿಸು. ಇಲ್ಲದಿದ್ರೆ ಇಲ್ಲಿರೋ ಕಂಪ್ಯೂಟರಿನಲ್ಲಿ ನಮ್ಮಳಿಯನೇ ಬಣ್ಣ ಹಾಕ್ತಾನೆ. ಆಮೇಲೆ ಹೆಸರೂ ಅವನದೇ ಹೋಗುತ್ತೆ, ನನ್ನ ಬೈಬೇಡ."

ಕೌಂಟರಿನವನು ವಾರಂಟಿ ಕಾಗದ ತಿರುಗಿಸಿದ. "'ಅದೇ ಅಥವಾ ತತ್ಸಮಾನ' ಅಂತ ಬರೆದಿದೆ, ಓದಿ. ಕೆಳಗೆ ನಿಮ್ಮದೇ ಸಹಿ."

"ಹಾಗಾದ್ರೆ ನನ್ನ ಹಳೇದೇ ಕೊಟ್ಟುಬಿಡಿ. ಗೆರೆ ಇದ್ರೆ ಇರಲಿ."

"ಅದು ಇಷ್ಟೊತ್ತಿಗೆ ಪುಡಿಪುಡಿ. ಇದನ್ನ ವಾಪಸ್ ಬಿಟ್ಟು ಹೋಗ್ತೀರಾ? ಇಪ್ಪತ್ತೊಂದು ದಿನ. ಆಮೇಲೂ ಇದೇ ಬರುತ್ತೆ, ಸುಮ್ಮನೆ ಯಾಕೆ ಸುಳ್ಳು ಹೇಳಲಿ?" ಅವನು ತನ್ನ ಮುಂದಿದ್ದ ಮಾನಿಟರನ್ನು ಅವಳತ್ತ ತಿರುಗಿಸಿದ. ಅದೇ ನೀಲಿ. "ನನ್ನದೂ ಇದೇ. ಎರಡು ದಿನ ನೋಡಿ ಮೇಡಂ, ಕಣ್ಣು ಹೊಂದಿಕೊಳ್ಳುತ್ತೆ."

ಹಿಂದಿನವರು ಟೋಕನ್ ಚಾಚಿದರು. ಅವಳು ಮಾನಿಟರನ್ನು ಕೂಸಿನಂತೆ ಎದೆಗವಚಿಕೊಂಡು ಹೊರಬಂದಳು.

ಮನೆಯಲ್ಲಿ ಮುದ್ರಿತ ಹಾಳೆಯನ್ನು ಪರದೆಯ ಪಕ್ಕಕ್ಕೆ ಅಂಟಿಸಿಕೊಂಡು ಕೂತಳು. ಹಾಳೆಯಲ್ಲಿ ಎಷ್ಟು ಹಳದಿ ಹೆಚ್ಚಿದೆಯೋ ಅಷ್ಟನ್ನು ಪರದೆಯಲ್ಲಿ ಇಳಿಸುತ್ತಾ ಹೋದಳು. ಮಂಚದ ಮೇಲಿಂದ ಅಜ್ಜಿ, "ಗಿಳಿಗೆ ಹಸಿರು ಬಂತೇನೇ?" ಎಂದು ಆಗಾಗ ಕೇಳುತ್ತಿದ್ದಳು.

"ಬರ್ತಿದೆ ಅಜ್ಜಿ."

"ಜೀವ ಇರೋದೇ ಅದರಲ್ಲಿ, ಜೋಪಾನ."

ನಾಲ್ಕೂವರೆಗೆ ಕೊನೆಯ ಪುಟ ಮುಗಿಯಿತು. ಗಿಳಿ ಹಸಿರಾಗಿತ್ತು, ಕೆನ್ನೆ ಕೆನ್ನೆಯ ಹಾಗಿತ್ತು. ಪರದೆಯಲ್ಲಿ ಈಗ ನೀಲಿಯೇ ಕಾಣುತ್ತಿರಲಿಲ್ಲ. ಎದೆಯ ಭಾರ ಇಳಿದಂತಾಗಿ ಅವಳು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದಳು.

"ಅಜ್ಜಿ, ನಿನ್ನ ಹೊದಿಕೆ ಯಾವಾಗ ಇಷ್ಟು ಹಳದಿಯಾಯ್ತು?"

"ಹಳದಿಯಾ? ನಿನ್ನೆ ನೀನೇ ಒಗೆದು ಹಾಕಿದ್ದಲ್ಲೇ. ಹಾಲಿನ ಹಾಗಿದೆ."

ಅವಳು ಎದ್ದು ಹೋಗಿ ಹೊದಿಕೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು; ಅಲ್ಲೂ ಹಳದಿಯೇ, ಕೌಂಟರಿನವನು ಹೇಳಿದಂತೆ ಕಣ್ಣು ನೀಲಿಗೆ ಹೊಂದಿಕೊಂಡಿತ್ತು. ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಮೇಜಿನ ಮೇಲೆ ಫೋನು ರಿಂಗಾಗತೊಡಗಿತು, ಪ್ರೆಸ್ಸಿನದೇ. ಹೊದಿಕೆಯ ಇನ್ನೊಂದು ತುದಿ ಅಜ್ಜಿಯ ಕಾಲ ಮೇಲೇ ಇತ್ತು.